ಕಾಯಿ ಕಿತ್ತ ತೋಟ

"ಹಿಡ್ಕೊಳ್ಳಿ... ಬಿಡಬೇಡಿ!"

ಸೊಂಟದ ಮಟ್ಟದ ಕೆಸರುನೀರಿನಲ್ಲಿ ನಿಂತು ಕೆಳಗಿನ ನರ್ಸರಿಯವನು ಹಾಗೆ ಕೂಗಿದಾಗ ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಬೆಂಕಿ ಹಚ್ಚಿದವನೂ ಇವನೇ, ಈಗ ಅಪ್ಪಣೆ ಕೊಡುವವನೂ ಇವನೇ!

ಆದರೂ ಅವಳು ಬಿಡಲಿಲ್ಲ. ಕೆರೆಯ ತೂಬಿನ ಹಲಗೆಗೆ ಬೆನ್ನು ಒಡ್ಡಿ, ಎರಡೂ ಕೈಯನ್ನು ಹಿಂದೆ ಚಾಚಿ ಅದರ ಅಂಚು ಹಿಡಿದು ನಿಂತಳು. ಕೆರೆಯ ನೀರು ಅವಳ ಎರಡೂ ಪಕ್ಕದಿಂದ ನುಗ್ಗಿ ಕಾಲುವೆಗೆ ಬೀಳುತ್ತಿತ್ತು. ಅವನು ಒಂದೊಂದೇ ಮಣ್ಣಿನ ಚೀಲ ಹೊತ್ತು ತಂದು ಅವಳ ಕಾಲಬುಡದಲ್ಲಿ ಒಟ್ಟುತ್ತಿದ್ದ. ಅದು ಅವನು ತನ್ನ ಸಸಿಗಳಿಗೆಂದು ಜರಡಿ ಹಿಡಿದು ಹದ ಮಾಡಿಟ್ಟ ಮಣ್ಣು ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು.

ನಡೆದದ್ದು ಇಷ್ಟೇ. ಬೆಳಿಗ್ಗೆ ಎದ್ದು ಮಹಡಿಯ ಕಿಟಕಿಗಳನ್ನು ತೆರೆಯುತ್ತಿದ್ದಾಗ ಪುಟ್ಟಿಗೆ ಕೆಳಗಿನ ಬೇಲಿಯ ಹತ್ತಿರ ಹೊಗೆ ಕಂಡಿತು. ಬೇಸಿಗೆಯಲ್ಲಿ ಬೆಂಕಿ ದಾಟಿ ಬರದಂತೆ ಬೇಲಿಯುದ್ದಕ್ಕೂ ಒಣಹುಲ್ಲು ತೆಗೆದು ಬರಿನೆಲ ಮಾಡುವುದು ಎಲ್ಲರೂ ಮಾಡುವ ಕೆಲಸ. ಆದರೆ ಈ ಮನೆಯಲ್ಲಿ ಅದನ್ನು ಕೈಯಿಂದಲೇ ಕೀಳುತ್ತಿದ್ದರು, ಸುಡುತ್ತಿರಲಿಲ್ಲ. ಹೊಗೆ ಕಂಡರೆ ಹಿಂದೆಮುಂದೆ ನೋಡದೆ ತೂಬಿನ ಹಲಗೆ ಎತ್ತು, ಕೆರೆಯ ನೀರು ಬೇಲಿಗೆ ಹರಿದು ಬೆಂಕಿ ಆರಿಸುತ್ತದೆ ಎಂದು ಅಪ್ಪ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ಅವಳು ಹಿಂದೆಮುಂದೆ ನೋಡಲಿಲ್ಲ.

ಕೆಳಗಿನ ಜಮೀನನ್ನು ಗುತ್ತಿಗೆಗೆ ಹಿಡಿದು ಹೋದ ವರ್ಷವಷ್ಟೇ ಬಂದಿದ್ದ ನರ್ಸರಿಯವನ ಕಡೆ ಪದ್ಧತಿಯೇ ಬೇರೆ. ಗಾಳಿ ಇಲ್ಲದ ಬೆಳಿಗ್ಗೆ, ಪಕ್ಕದಲ್ಲಿ ನೀರಿನ ಡ್ರಮ್ಮು ಇಟ್ಟುಕೊಂಡು, ಹುಲ್ಲನ್ನು ಮೊಳಮೊಳವಾಗಿ ಸುಟ್ಟು ಆರಿಸುತ್ತಾರೆ. ಬೇಲಿಯ ಆಚೆಯವರಿಗೂ ಉಪಕಾರವಾಗಲಿ ಎಂದುಕೊಂಡು ಅವನು ಅದನ್ನೇ ಮಾಡುತ್ತಿದ್ದ. ಪಾಪ, ಉಪಕಾರ!

ಎತ್ತಿದ ಹಲಗೆಯ ಅಂಚು ಮುರಿದುಬಂತು. ಮತ್ತೆ ಅದು ತೂಬಿನ ಸೀಳಿನಲ್ಲಿ ಕೂರಲಿಲ್ಲ. ನೀರು ನೇರವಾಗಿ ನರ್ಸರಿಗೆ ನುಗ್ಗಿ ಕಸಿ ಗಿಡಗಳನ್ನು ಸಾಲುಸಾಲಾಗಿ ಎತ್ತಿಕೊಂಡು ಹೋಯಿತು.

ಕೊನೆಗೂ ನೀರು ನಿಂತಾಗ ಇಬ್ಬರೂ ಏರಿಯ ಮೇಲೆ ಕುಸಿದು ಕೂತರು.

"ಬೆಂಕಿ ಹಚ್ಚೋ ಮುಂಚೆ ಒಂದು ಮಾತು ಹೇಳೋಕೆ ಏನಾಗಿತ್ರೀ ನಿಮಗೆ?" ಎಂದಳು ಪುಟ್ಟಿ.

"ಕೆರೆ ಬಿಡೋ ಮುಂಚೆ ಒಂದ್ಸಲ ಬಗ್ಗಿ ನೋಡೋಕೆ ನಿಮಗೇನಾಗಿತ್ತು?" ಎಂದ ಅವನು.

ಅವಳು ಕೆರೆಯ ಕಡೆ ತಿರುಗಿ ನೋಡಿದಳು. ನಡುವಿನಲ್ಲಿ ಒಂದಿಷ್ಟು ನೀರು, ಸುತ್ತ ಬರೀ ಹೂಳು. ಮಳೆಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟು ದಿನ ತೋಟಕ್ಕೆ ಈ ನೀರು ಸಾಲದು.

ಅದರ ಮೇಲೆ ಅವಳು ಅಣ್ಣನಿಗೆ ಮಾತು ಬೇರೆ ಕೊಟ್ಟಿದ್ದಳು.

ಅಣ್ಣನಿಗೆ ಪೇಟೆಯಲ್ಲಿ ಔಷಧಿ ಅಂಗಡಿ. ಕೆಟ್ಟವನೇನಲ್ಲ, ತಂಗಿಯೆಂದರೆ ಪ್ರಾಣ. ಆದರೆ ಈ ಜಾಗ ಅಪ್ಪನನ್ನು ತಿಂದುಹಾಕಿತು ಎಂಬುದು ಅವನ ಗಟ್ಟಿ ನಂಬಿಕೆ. ಅಪ್ಪ ಹೋದ ಮೇಲೆ ಅವನು ಹೇಳಿದ್ದು ಒಂದೇ ಮಾತು. ಮಳೆ ಹಿಡಿಯುವ ಹೊತ್ತಿಗೆ ಈ ವರ್ಷದ ಕಿತ್ತಳೆ ಫಸಲನ್ನು ಮರದ ಮೇಲೆ ತೋರಿಸಿದರೆ ಜಾಗ ಮಾರುವ ಮಾತು ಎತ್ತುವುದಿಲ್ಲ, ತೋರಿಸಲಾಗದಿದ್ದರೆ ಮಾರುವುದಕ್ಕೆ ನೀನೂ ಬೇಡ ಅನ್ನಬಾರದು. ಪುಟ್ಟಿ ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡಿದ್ದಳು.

ಮೂವತ್ತು ದಾಟಿದರೂ, ಇಡೀ ಜಾಗದ ಯಜಮಾನಿಕೆ ಹೊತ್ತಿದ್ದರೂ, ಮನೆಯಲ್ಲಿ ಅವಳು ಪುಟ್ಟಿಯೇ. ಜೊತೆಗಿದ್ದವರು ಸೋದರತ್ತೆ ಒಬ್ಬರು. ಈ ಮನೆ ಗುಡಿಸಿ ಮುಗಿಸುವಷ್ಟರಲ್ಲಿ ಶುರುಮಾಡಿದ ಕಡೆ ಮತ್ತೆ ಧೂಳು ಕೂತಿರುತ್ತದೆ, ನಾನು ಸತ್ತರೂ ಪೊರಕೆ ಕೈಬಿಡುವುದಿಲ್ಲ ಎಂದು ಅತ್ತೆ ಗೊಣಗುತ್ತಲೇ ಗುಡಿಸುತ್ತಿದ್ದರು. ಸುಳ್ಳಲ್ಲ. ಒಂದು ಹೆಂಚು ಸರಿಮಾಡಿದರೆ ಇನ್ನೊಂದು ಜಾರುತ್ತಿತ್ತು. ಉಗ್ರಾಣದ ಬಾಗಿಲು ಉಬ್ಬಿಕೊಂಡು ಹೆಗಲು ಕೊಟ್ಟು ತಳ್ಳಿದರೂ ಜಗ್ಗುತ್ತಿರಲಿಲ್ಲ. ಬೇಲಿ ಒಂದು ಕಡೆ ಕಟ್ಟಿದರೆ ದನಗಳು ಇನ್ನೊಂದು ಕಡೆ ನುಗ್ಗುತ್ತಿದ್ದವು.

ಆದರೂ... ಬೆಳಿಗ್ಗೆ ಕಿಟಕಿ ತೆರೆದಾಗ ಹಜಾರದ ನೆಲದ ಮೇಲೆ ಬಿಸಿಲು ಮೆಲ್ಲಗೆ ಹರಡುತ್ತಿತ್ತು. ಕಿತ್ತಳೆ ಹೂಬಿಟ್ಟಾಗ ಆ ವಾಸನೆ ಹೊದಿಕೆಗಳಿಗೂ ಅಂಟಿಕೊಳ್ಳುತ್ತಿತ್ತು. ಯಾವ ಮೆಟ್ಟಿಲು ಕಿರ್ ಎನ್ನುತ್ತದೆ, ಯಾವ ಮರದ ಹಣ್ಣಿಗೆ ಸಿಹಿ ಜಾಸ್ತಿ ಎಂಬುದೆಲ್ಲ ಅವಳ ಕಾಲಿಗೂ ಕೈಗೂ ಗೊತ್ತಿತ್ತು. ಇದನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದು ಕೇಳಿಕೊಂಡರೆ ಅವಳ ಮನಸ್ಸಿಗೆ ಒಂದು ಜಾಗವೂ ಹೊಳೆಯುತ್ತಿರಲಿಲ್ಲ.

ಮರುದಿನ ನರ್ಸರಿಯವನು ಗುದ್ದಲಿ ಹಿಡಿದು ಬಂದ. ಪರಿಹಾರ ಕೇಳಲು ಬಂದಿದ್ದಾನೆಂದು ಅವಳು ಮುಖ ಬಿಗಿದುಕೊಂಡೇ ಹೊರಗೆ ಬಂದಳು. ಅವನು ಕೇಳಿದ್ದು ಹೂಳು. ಕೆರೆ ಬತ್ತಿರುವಾಗಲೇ ಹೂಳೆತ್ತಬೇಕು, ಮಳೆ ಬಂದರೆ ನೀರು ಹೆಚ್ಚು ನಿಲ್ಲುತ್ತದೆ. ಅದು ನನ್ನ ಸಸಿಗಳಿಗೆ ಚಿನ್ನದಂಥ ಮಣ್ಣು, ನಾನೂ ಕೈಜೋಡಿಸುತ್ತೇನೆ, ನನ್ನ ನಿಮ್ಮ ಜಗಳ ಅಲ್ಲಿಗೆ ಮುಗಿಯಲಿ ಎಂದ.

ಹಾಗೆ ಶುರುವಾಯಿತು. ಕೆಲಸದವರ ಜೊತೆ ಇಬ್ಬರೂ ಟೊಂಕ ಕಟ್ಟಿ ನಿಂತರು. ಉಳಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ, ತಳ್ಳುಗಾಡಿಯಲ್ಲಿ ಒಯ್ದು ಮರಮರಕ್ಕೂ ಹಾಕಿದರು. ಅವನು ಹೆಚ್ಚು ಮಾತಾಡುವವನಲ್ಲ, ಆದರೆ ಗಾಡಿ ಏರು ಹತ್ತುವಾಗ ಅವಳು ಕರೆಯುವ ಮೊದಲೇ ಹಿಂದಿನಿಂದ ಒಂದು ಕೈ ಬಂದು ತಳ್ಳುತ್ತಿತ್ತು. ಅತ್ತೆ ದಿನಾ ಚಹಾ ತಂದುಕೊಟ್ಟು, ಕೆರೆ ಖಾಲಿಯಾದದ್ದೇ ವಾಸಿ, ಇಲ್ಲದಿದ್ದರೆ ಈ ಮನೆಗೆ ಗಂಡಾಳು ಯಾರು ಬರುತ್ತಿದ್ದರು ಎಂದು ಛೇಡಿಸುತ್ತಿದ್ದರು. ಪುಟ್ಟಿಯ ಕಿವಿ ಬಿಸಿಯಾಗುತ್ತಿತ್ತು. ನೋಡು, ಕೆಸರು ಮೆತ್ತಿದ ಮುಖಕ್ಕೆ ನಾಚಿಕೆ ಬೇರೆ ಎಂದು ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಆದರೆ ನೀರು ಸಾಲಲಿಲ್ಲ. ಎಲೆಗಳು ದೊನ್ನೆಯ ಹಾಗೆ ಮಡಚಿಕೊಳ್ಳತೊಡಗಿದವು.

ಒಂದು ಮಧ್ಯಾಹ್ನ ಅವನು ಮರದ ಕೆಳಗೆ ನಿಂತು ಮಡಚಿದ ಎಲೆಗಳನ್ನು ಬಿಡಿಸಿ ನೋಡಿ, ತಲೆ ತಗ್ಗಿಸಿ ಹೇಳಿದ. "ಕಾಯಿ ಎಲ್ಲಾ ಕಿತ್ತುಬಿಡಿ."

"ಏನಂದ್ರಿ?"

"ಇರೋ ನೀರಲ್ಲಿ ಮರ ಕಾಯಿ ಸಾಕೋಕೆ ಹೋಗಿ ತಾನೇ ಒಣಗುತ್ತೆ. ಕಾಯಿ ತೆಗೆದ್ರೆ ಮರ ಉಳಿಯುತ್ತೆ."

ನಿಂಬೆಯ ಗಾತ್ರದ ಹಸಿರು ಕಾಯಿಗಳು ಕೊಂಬೆಕೊಂಬೆಯಲ್ಲೂ ತೂಗುತ್ತಿದ್ದವು. ಅದೇ ಅವಳ ಫಸಲು, ಅಣ್ಣನಿಗೆ ತೋರಿಸಬೇಕಾದದ್ದೂ ಅದೇ. ಅಣ್ಣನ ಷರತ್ತನ್ನು ಅವಳು ಇವನಿಗೆ ಹೇಳಿರಲಿಲ್ಲ. ಅವಳ ಕಣ್ಣು ತಾನಾಗಿ ಮೇಲಿನ ಸಾಲಿಗೆ ಹೋಯಿತು. ಅಲ್ಲಿ ಮರಗಳಿಲ್ಲ, ಬರೀ ಬೊಡ್ಡೆಗಳು. ಹಿಂದೆ ಒಂದು ಬೇಸಿಗೆಯಲ್ಲಿ ಅಪ್ಪ ಒಂದು ಕಾಯಿಯನ್ನೂ ಬಿಟ್ಟುಕೊಡದೆ ಹೆಣಗಿ, ಕೊನೆಗೆ ಕಾಯಿಯ ಜೊತೆ ಮರಗಳನ್ನೂ ಕಳೆದುಕೊಂಡ ಸಾಲು ಅದು. ಅಪ್ಪನ ಬೆನ್ನು ಬಗ್ಗಿದ್ದು ಆವತ್ತಿನಿಂದಲೇ.

ಅವಳು ಹಲ್ಲು ಕಚ್ಚಿ ಬುಟ್ಟಿ ತೆಗೆದುಕೊಂಡಳು. ಅರ್ಧ ತೋಟದ ಕಾಯಿ ಕಿತ್ತಾಗಿತ್ತು, ಅಷ್ಟರಲ್ಲಿ ಅಣ್ಣನ ಫೋನು ಬಂತು. ಅದೂ ಇದೂ ಮಾತಾಡಿ ಕೊನೆಗೆ ಸಮಾಧಾನ ಮಾಡುವವನ ಹಾಗೆ ಹೇಳಿದ. "ಆಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ ಪುಟ್ಟಿ. ಕೊಳ್ಳೋಕೆ ಜನ ಇದ್ದಾರೆ. ನಿನ್ನ ಕೆಳಗಿನ ನರ್ಸರಿಯವನೇ ಚಳಿಗಾಲದಲ್ಲಿ ಕೇಳಿದ್ದ, ಮನೆ, ತೋಟ, ಕೆರೆ ಎಲ್ಲಾ ಸೇರಿಸಿ."

ಕೈಯಲ್ಲಿದ್ದ ಬುಟ್ಟಿ ಒಮ್ಮೆಲೇ ಭಾರವಾಯಿತು.

ಅವಳು ನೇರ ಕೆರೆಗೆ ಹೋದಳು. ಅವನು ಹೂಳು ತುಂಬುತ್ತಿದ್ದ.

"ಅಣ್ಣನ ಹತ್ತಿರ ಈ ಜಾಗ ಕೇಳಿದ್ರಾ?"

ಅವನ ಗುದ್ದಲಿ ನಿಂತಿತು. "ಕೇಳಿದ್ದೆ."

"ಫಸಲು ಬರದಿದ್ರೆ ಮಾರ್ತೀವಿ ಅನ್ನೋದು ಗೊತ್ತಿತ್ತಾ?"

"ಗೊತ್ತಿತ್ತು. ಅವರೇ ಹೇಳಿದ್ರು."

"ಗೊತ್ತಿದ್ದೂ ಕಾಯಿ ಕೀಳಿ ಅಂದ್ರಿ..."

"ಮರ ಸಾಯ್ತಿತ್ತು, ಅದಕ್ಕೆ ಅಂದೆ." ಅವನು ಮುಂದೆ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ.

"ನಾಳೆಯಿಂದ ಬರಬೇಡಿ," ಎಂದಳು ಪುಟ್ಟಿ.

ಆವತ್ತು ಅವಳು ಊಟ ಮಾಡಲಿಲ್ಲ. ಮೋಸ ಹೋದೆನೆಂಬ ಉರಿ ಒಂದು ಕಡೆ. ಏರು ಹತ್ತುವಾಗ ಹಿಂದಿನಿಂದ ಬರುತ್ತಿದ್ದ ಆ ಕೈಯ ನೆನಪು ಇನ್ನೊಂದು ಕಡೆ. ಉಳಿದರ್ಧ ತೋಟದ ಕಾಯಿಯನ್ನಾದರೂ ಉಳಿಸಿಕೊಂಡರೆ ಅಣ್ಣನ ಮುಂದೆ ತಲೆ ಎತ್ತಬಹುದಲ್ಲ ಎಂಬ ಆಸೆಯೂ ಇತ್ತು.

ಬೆಳಿಗ್ಗೆ ಅವಳು ಒಬ್ಬಳೇ ತೋಟಕ್ಕೆ ಇಳಿದಳು. ಕಾಯಿ ಕಿತ್ತ ಮರಗಳ ಎಲೆ ಮುಟ್ಟಿದಳು. ಮಡಚಿದ್ದ ಎಲೆಗಳು ಬಿಚ್ಚಿಕೊಂಡಿದ್ದವು. ಕಾಯಿ ಬಿಟ್ಟಿದ್ದ ಮರಗಳಿಗೂ ಅಷ್ಟೇ ನೀರು ಹಾಕಿದ್ದರು, ಅವುಗಳ ಎಲೆ ಇನ್ನೂ ಮಡಚಿಯೇ ಇತ್ತು. ಮರದಿಂದ ಮರಕ್ಕೆ ಹೋಗಿ ನೋಡಿದಳು, ಎಲ್ಲ ಕಡೆಯೂ ಅದೇ. ಅವನ ಮನಸ್ಸಿನಲ್ಲಿ ಏನಿತ್ತೋ ಅವಳಿಗೆ ಗೊತ್ತಾಗಲಿಲ್ಲ, ಹೇಳಿದ ಮಾತು ಮಾತ್ರ ಸರಿಯಾಗಿತ್ತು.

ಸೋತರೆ ಸೋಲಲಿ, ಆದರೆ ನನ್ನ ಕೈಯಲ್ಲಿ ಇನ್ನೊಂದು ಸಾಲು ಬೊಡ್ಡೆಯಾಗುವುದು ಬೇಡ ಎಂದುಕೊಂಡಳು. ನಾಳೆ ಈ ಮರಗಳು ಯಾರ ಪಾಲಾದರೂ ಸರಿ, ಬದುಕಿರಲಿ. ಸಂಜೆಯ ಹೊತ್ತಿಗೆ ಅವಳ ಬೆರಳುಗಳು ಗೀರಿ ರಕ್ತ ಜಿನುಗುತ್ತಿತ್ತು. ತೋಟದಲ್ಲಿ ಒಂದು ಕಾಯಿಯೂ ಉಳಿದಿರಲಿಲ್ಲ.

ಅವನು ಮತ್ತೆ ಬರಲಿಲ್ಲ. ಒಂದು ದಿನ ಮಾತ್ರ ಗೇಟಿನ ಹತ್ತಿರ ಹೊಸ ಹಲಗೆಯೊಂದು ಒರಗಿಸಿಟ್ಟಿತ್ತು. ತೂಬಿನ ಅಳತೆಗೆ ಕೊಯ್ದು, ಅಂಚುಗಳನ್ನು ನಯವಾಗಿ ಉಜ್ಜಿ, ಎಣ್ಣೆ ಕುಡಿಸಿದ ಹಲಗೆ. ಪುಟ್ಟಿ ಅದನ್ನು ನೋಡಿಯೂ ನೋಡದವಳಂತೆ ಒಳಗೆ ಹೋದಳು. ಅತ್ತೆಯೇ ದರದರ ಎಳೆದುತಂದು ಜಗಲಿಗೆ ಹಾಕಿ, ಸಿಟ್ಟು ಮನುಷ್ಯನ ಮೇಲೆ ಇರಲಿ, ಮರದ ಮೇಲೆ ಯಾಕೆ ಎಂದರು.

ಮೊದಲ ಮೋಡಗಳು ಕವಿದ ದಿನ ಅಣ್ಣ ಬಂದ. ತೋಟಕ್ಕೆ ಇಳಿದವನು ಬರಿದಾದ ಕೊಂಬೆಗಳನ್ನು ನೋಡಿ ಕಕ್ಕಾಬಿಕ್ಕಿಯಾದ. ಮಾತು ಮುಗಿಸಿಬಿಡೋಣವೆಂದು ಅವನು ನರ್ಸರಿಯವನಿಗೂ ಹೇಳಿ ಕಳಿಸಿದ್ದ. ಅವನು ಬಂದು ಬೇಲಿಯ ಹತ್ತಿರವೇ ನಿಂತ. ಪುಟ್ಟಿ ಆ ಕಡೆ ನೋಡಲಿಲ್ಲ.

"ಫಸಲು ಎಲ್ಲಿ ಪುಟ್ಟಿ?"

"ಇಲ್ಲ. ನಾನೇ ಕಿತ್ತೆ. ಕೆರೆ ಖಾಲಿ ಮಾಡಿದವಳೂ ನಾನೇ," ಎಂದಳು ಅವಳು. "ಕೊಟ್ಟ ಮಾತು ಕೊಟ್ಟಿದ್ದೇ ಅಣ್ಣ, ಬೇಡ ಅನ್ನಲ್ಲ. ಆದ್ರೆ ಒಂದು ಮರಾನೂ ಸಾಯೋಕೆ ಬಿಟ್ಟಿಲ್ಲ. ನೋಡಿ ಹೇಳು."

ಅಣ್ಣ ಮರಗಳ ನಡುವೆ ನಡೆದ. ಒಂದು ಮರದ ಚಿಗುರನ್ನು ಬೆರಳಿನಲ್ಲಿ ಸವರಿದ, ಆಮೇಲೆ ಇನ್ನೊಂದನ್ನು. ಮೇಲಿನ ಸಾಲಿನ ಬೊಡ್ಡೆಗಳ ಹತ್ತಿರ ಹೋಗಿ ನಿಂತ. ವಾಪಸು ಬಂದಾಗ ಅವನ ಕಣ್ಣು ಕೆಂಪಾಗಿತ್ತು.

"ಆ ವರ್ಷ ಅಪ್ಪನಿಗೆ ಕಾಯಿ ಕೀಳೋ ಧೈರ್ಯ ಬರಲಿಲ್ಲ. ಮರ ಹೋಯ್ತು, ಆಮೇಲೆ ಅಪ್ಪಾನೂ..." ಅವನು ಕಣ್ಣೊರೆಸಿಕೊಂಡ. "ನಾನು ಹೆದರಿದ್ದು ಈ ಜಾಗಕ್ಕಲ್ಲ ಪುಟ್ಟಿ, ನೀನೂ ಹಾಗೇ ಹಟ ಹಿಡಿದು ಮುಗಿದುಹೋಗ್ತೀಯ ಅಂತ. ಬಿಡೋದು ನಿನಗೆ ಗೊತ್ತಿದೆ. ಇನ್ನು ನಾನು ಮಾರೋ ಮಾತು ಎತ್ತಲ್ಲ."

ಎರಡು ತಿಂಗಳು ಒಂದು ಹನಿ ಕಣ್ಣೀರು ಹಾಕದ ಪುಟ್ಟಿ, ಅಣ್ಣನ ಭುಜಕ್ಕೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಳು.

ಬೇಲಿಯ ಹತ್ತಿರ ನಿಂತವನ ಕಡೆಗೆ ಅಣ್ಣ ತಿರುಗಿದ. ಕ್ಷಮಿಸಪ್ಪಾ, ನಿನ್ನನ್ನು ಸುಮ್ಮನೆ ಕರೆಸಿದ ಹಾಗಾಯಿತು ಎಂದ. ನನಗೇ ಜಾಗ ಬೇಡವಾಗಿತ್ತು, ಅದನ್ನು ಹೇಳಲಿಕ್ಕೇ ಬಂದೆ ಎಂದು ಅವನು ಉತ್ತರ ಕೊಟ್ಟ. ಅಷ್ಟರಲ್ಲಿ ದಪ್ಪ ಹನಿಗಳು ಬೀಳತೊಡಗಿದವು.

"ಹಲಗೆ!" ಎಂದಳು ಪುಟ್ಟಿ. ತೂಬಿಗೆ ಇನ್ನೂ ಬರೀ ಮಣ್ಣಿನ ಚೀಲಗಳೇ ಅಡ್ಡ ಇದ್ದವು.

ಅಣ್ಣನೂ ಓಡಲು ಹೊರಟ. ಅತ್ತೆ ಅವನ ತೋಳು ಹಿಡಿದು, ನಿನಗೆ ನೆಗಡಿಯಾಗುತ್ತದೆ, ಒಳಗೆ ನಡಿ ಎಂದರು.

ಮಳೆಯಲ್ಲಿ ಪುಟ್ಟಿಯೂ ನರ್ಸರಿಯವನೂ ಹಲಗೆ ಹೊತ್ತು ಏರಿ ಹತ್ತಿದರು. ಚೀಲಗಳನ್ನು ಎಳೆದು ಹಾಕಿ, ಅವಳು ಒಂದು ತುದಿ, ಅವನೊಂದು ತುದಿ ಹಿಡಿದು ಹಲಗೆಯನ್ನು ತೂಬಿನ ಸೀಳಿಗೆ ಇಳಿಸಿದರು.

"ಯಾಕೆ ಬೇಡವಾಯ್ತು?" ಅವಳು ಹಲಗೆಯನ್ನೇ ನೋಡುತ್ತ ಕೇಳಿದಳು.

"ಆವತ್ತು ನೀವು ಬೆನ್ನು ಕೊಟ್ಟು ಕೆರೆ ತಡೀತಾ ನಿಂತಿದ್ರಲ್ಲ... ಆವಾಗಲೇ ಬೇಡವಾಯ್ತು. ಕೇಳಿದ್ದೆ ಅಂತ ಹೇಳೋಕೆ ನಾಚಿಕೆ ಆಗಿತ್ತು. ಹೇಳಬೇಕಿತ್ತು, ತಪ್ಪು ನಂದೇ."

"ನಾನು ಬರಬೇಡಿ ಅಂದ ದಿನ ಬಾಯಿ ತೆರೆದು ಏನೋ ಹೇಳೋಕೆ ಹೋಗಿ ಸುಮ್ಮನಾದ್ರಿ. ಏನದು?"

ಅವನು ಮುಖದ ಮೇಲಿನ ನೀರು ಒರೆಸಿಕೊಂಡ. "ನೀವಿಲ್ಲದ ಈ ಜಾಗ ತಗೊಂಡು ನಾನೇನು ಮಾಡಲಿ ಅಂತ."

ಕೆರೆಯಲ್ಲಿ ಹೊಸ ನೀರು ಸೇರತೊಡಗಿತ್ತು.

"ನಿಮ್ಮ ನೀರಿಗೆ ಸಿಕ್ಕೂ ಬದುಕಿದ ಕಸಿ ಗಿಡ ಒಂದಿಷ್ಟಿವೆ," ಎಂದ ಅವನು. "ಮೇಲಿನ ಸಾಲಿಗೆ ಆಗುತ್ತೆ. ಕಾಯಿ ಬಿಡೋಕೆ ವರ್ಷಗಟ್ಟಲೆ ಕಾಯಬೇಕು."

"ಒಬ್ಬಳೇ ಕಾಯೋಕೆ ಆಗಲ್ಲ," ಎಂದಳು ಪುಟ್ಟಿ. ಎಲ್ಲವನ್ನೂ ಒಬ್ಬಳೇ ಹೊರುತ್ತೇನೆಂದು ಹಟ ಹಿಡಿದವಳ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಹಲಗೆಯ ಮೇಲೆ ಅವನ ಕೈ ಮೆಲ್ಲಗೆ ಸರಿದು ಗಾಯದ ಕಲೆ ಉಳಿದಿದ್ದ ಅವಳ ಬೆರಳುಗಳ ಮೇಲೆ ಬಂತು.

"ಹಲಗೆ ಕೂತಾಯ್ತು ಕಣ್ರೀ," ಎಂದ. "ಇನ್ನು ಹಿಡ್ಕೊಂಡಿರಬೇಕು ಅಂತೇನಿಲ್ಲ."

"ಗೊತ್ತು," ಎಂದಳು ಅವಳು. "ಆದರೂ ಬಿಡಬೇಡಿ."