ಅಪ್ಪನ ಫ್ಲ್ಯಾಶ್ ಹಿಡಿದವನು

"ಏ! ಅದನ್ನ ಕ್ಯಾಮೆರಾಕ್ಕ ಹಚ್ಚಬ್ಯಾಡ್ರಿ!"

ಎಂದವನೇ ಅವನು ಮಾಯಾಳ ಕೈಯಿಂದ ಫ್ಲ್ಯಾಶ್ ಕಸಿದುಕೊಂಡುಬಿಟ್ಟ!

ಖಾನಾಪುರದ ಮದುವೆ ಮಂಟಪ. ಅಕ್ಷತೆಗೆ ಇನ್ನು ಸ್ವಲ್ಪವೇ ಹೊತ್ತು. ಬೆಳಗಾವಿಯ ಮಾಯಾ ಹೆಣ್ಣಿನ ಕಡೆಯ ಫೋಟೋಗ್ರಾಫರ್. ಕಸಿದುಕೊಂಡ ಅನಿಕೇತ ಗಂಡಿನ ಕಡೆಯ ಫೋಟೋಗ್ರಾಫರ್. ಅವಳಿಗೆ ರೇಗದೇ ಇರುತ್ತದೆಯೇ?

"ನನ್ನ ಫೋಟೋ ಚಲೋ ಬರ್ತಾವಂತ ಹೊಟ್ಟಿಕಿಚ್ಚೇನ್ರಿ ನಿಮಗ? ಅದು ನಮ್ಮ ಅಪ್ಪಂದು... ಕೊಡ್ರಿ!"

ಕಣ್ಣು ತುಂಬಿತು. ರೀಲ್ ಕಾಲದಲ್ಲಿ ಎಷ್ಟು ಮದುವೆಗಳಿಗೆ ಬೆಳಕು ಕೊಟ್ಟಿತ್ತೋ ಆ ಫ್ಲ್ಯಾಶ್! ಅಪ್ಪ ತೀರಿಹೋದ ಮೇಲೆ ಅವಳು ಒಪ್ಪಿಕೊಂಡ ಮೊದಲ ಕೆಲಸವಿದು. ತಾಳಿ ಕಟ್ಟುವ ಫೋಟೋವನ್ನು ಅಪ್ಪನ ಬೆಳಕಿನಲ್ಲೇ ತೆಗೆಯಬೇಕೆಂಬ ಹಠ ಅವಳದು.

ಅನಿಕೇತ ಲೈಟಿನವನ ಹತ್ತಿರ ವೋಲ್ಟ್ ಅಳೆಯುವ ಮೀಟರ್ ಇಸಿದುಕೊಂಡು ಫ್ಲ್ಯಾಶಿನ ಬುಡಕ್ಕೆ ಹಿಡಿದು ತೋರಿಸಿದ. ಇನ್ನೂರು ವೋಲ್ಟ್ ದಾಟಿತ್ತು!

"ಹಳೇ ಕ್ಯಾಮೆರಾ ತಡಕೋತಿದ್ವು. ಇಂಥಾ ಹೊಸಾವು ಸುಟ್ಟು ಹೋಗ್ತಾವ್ರೀ."

ಮಾಯಾ ಕ್ಯಾಮೆರಾವನ್ನು ಎದೆಗವಚಿಕೊಂಡಳು. ಇರುವುದೊಂದೇ ಕ್ಯಾಮೆರಾ! 'ಅಯ್ಯೋ ಶಿವನ, ಎಂಥಾ ಮಾತ ಅಂದ್ಬಿಟ್ಟೆನಲ್ಲ ಇವರಿಗೆ...'

"ಹಂಗಾದ್ರ... ಅಪ್ಪನ ಫ್ಲ್ಯಾಶ್ ಇನ್ನ ಮೂಲ್ಯಾಗೇನ್ರಿ?"

"ಮೂಲ್ಯಾಗ್ಯಾಕ? ಕ್ಯಾಮೆರಾಕ್ಕ ಮುಟ್ಟಬಾರದು, ಅಷ್ಟ." ತನ್ನ ಬ್ಯಾಗಿನಿಂದ ಪುಟ್ಟ ಸೆನ್ಸರ್ ತೆಗೆದು ಫ್ಲ್ಯಾಶಿನ ಕೆಳಗೆ ಸಿಕ್ಕಿಸಿದ. "ನಿಮ್ಮ ಕ್ಯಾಮೆರಾದ ಸಣ್ಣ ಫ್ಲ್ಯಾಶ್ ಒಂದ ಸಲ ಮಿಂಚೂ ಹಂಗ ಮ್ಯಾನ್ಯುವಲ್‌ನ್ಯಾಗ ಇಡ್ರಿ. ಅದರ ಬೆಳಕ ಕಂಡ ಕೂಡ್ಲೆ ಇದು ತಾನ ಮಿಂಚತೈತಿ. ಬಾಜೂಕ ನಾ ಹಿಡ್ಕೊಂಡ ನಿಂದರ್ತೀನಿ."

"ಮತ್ತ ನಿಮ್ಮ ಫೋಟೋ?"

"ನೀವು ತಗದದ್ರಾಗ ಒಂದ್ ಕೊಡ್ರಿ, ಸಾಕು."

ವಾದ್ಯ ಮೊಳಗಿತು. ಮಾಯಾ ಗುಂಡಿ ಒತ್ತಿದಳು... ಮಂಟಪವೆಲ್ಲ ಬೆಳಗಿತು! ಅಪ್ಪ ಪಕ್ಕದಲ್ಲೇ ಬಂದು ನಿಂತಂತಾಯಿತು ಅವಳಿಗೆ. ಕ್ಯಾಮೆರಾದಲ್ಲಿ ಮೂಡಿದ ಚಿತ್ರ ನೋಡುತ್ತ ಅತ್ತೇಬಿಟ್ಟಳು.

ಆಮೇಲೆ ಪೀರನವಾಡಿ, ಮಹಾಂತೇಶ ನಗರ... ಅವಳು ಎಲ್ಲಿ ಮದುವೆ ಕೆಲಸ ಹಿಡಿದರೂ ಅವನು ಬಿಡುವು ಮಾಡಿಕೊಂಡು ಫ್ಲ್ಯಾಶ್ ಹಿಡಿಯಲು ಬರತೊಡಗಿದ.

ಒಂದು ಸಂಜೆ ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತಿದ್ದರು. ಫ್ಲ್ಯಾಶ್ ಅವನ ತೊಡೆಯ ಮೇಲಿತ್ತು, ಕೂಸಿನ ಹಾಗೆ.

"ನಿಮ್ಮ ಉಪಕಾರ ಹ್ಯಾಂಗ್ ತೀರಸ್ಲಿ ಅನಿಕೇತ? ಅವತ್ತ ನೀವ್ ಇರದಿದ್ರ ಕ್ಯಾಮೆರಾನೂ ಹೋಗ್ತಿತ್ತು, ಅಪ್ಪನ ಬೆಳಕೂ..."

"ಉಪಕಾರ ಅಲ್ರೀ ಅದು."

"ಮತ್ತ?"

"ಖರೇ ಹೇಳ್ಲಿ?... ಪ್ರೀತಿ."

ಮಾಯಾಳ ಕೆನ್ನೆ ಕೆಂಪಾಯಿತು. ಎಷ್ಟು ದಿನದಿಂದ ಕಾದಿದ್ದಳು ಈ ಮಾತಿಗೆ!

"ಹಂಗಾದ್ರ ಜೀವನಪೂರ್ತಿ ಇದನ್ನ ನೀವ ಹಿಡೀಬೇಕು."

"ಹಿಡೀತೀನಿ. ಆದ್ರ ಒಂದ್ ಮದುವ್ಯಾಗ ಮಾತ್ರ ಆಗೂದಿಲ್ಲ."

"ಯಾಕ್ರೀ?"

"ಅವತ್ತ ನನ್ನ ಕೈಯಾಗ ತಾಳಿ ಇರ್ತೈತಲ್ಲ!"