ಗಾಂಧಾರದಲ್ಲಿ ಕಲ್ಲಾದವರು

ಬಹಳ ಬಹಳ ಹಿಂದೆ, ಹಾವು ಹಕ್ಕಿಗಳೂ ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ, ಹವಳದುರ್ಗ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಸಾವಿರ ಕಂಬದ ಸಭಾಂಗಣವೇನೋ ಇತ್ತು, ಆದರೆ ಒಳ್ಳೆಯ ಸಂಗೀತ ನಡೆಯುತ್ತಿದ್ದುದು ಅದರ ಹಿಂದಿನ ಪುಟ್ಟ ಕೋಣೆಯಲ್ಲಿ. ಹದಿನಾರು ಚಾಪೆ ಹಾಸಿದರೆ ಕೋಣೆ ತುಂಬಿತು. ಹದಿನೇಳನೆಯವನು ರಾಜನೇ ಆದರೂ ಹೊಸ್ತಿಲ ಮೇಲೆ ಕೂರಬೇಕು.

ಆ ಕೋಣೆಯಲ್ಲಿ ಮೂವರು ನುಡಿಸುತ್ತಿದ್ದರು. ವೀಣೆಗೆ ಹೊನ್ನಾಂಬೆ, ಕೊಳಲಿಗೆ ಚೆಲುವಯ್ಯ, ಮೃದಂಗಕ್ಕೆ ಮಾರೋಜ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಕಚೇರಿ. ಮೂವತ್ತು ವರ್ಷದಿಂದ ಇದೇ ಬದುಕು. ಬೆಳಿಗ್ಗೆ ಮಗುವೊಂದು ತಪ್ಪು ಹಾಡಿದ ಕೂಡಲೇ ಮೂವರೂ ಕೈಯೆತ್ತಿ, "ನಿಲ್ಲಿಸು. ಮತ್ತೆ ಮೊದಲಿಂದ" ಎನ್ನುವರು. ಸಂಜೆ ತಮ್ಮಲ್ಲೊಬ್ಬರು ತಪ್ಪಿದರೆ ಮಾತ್ರ ಯಾರೂ ನಿಲ್ಲಿಸುತ್ತಿರಲಿಲ್ಲ. ಇನ್ನಿಬ್ಬರು ಆ ತಪ್ಪನ್ನು ನಡುವೆ ಇಟ್ಟುಕೊಂಡು, ಕೇಳುವವರಿಗೆ ಗೊತ್ತಾಗದಂತೆ ದಾಟಿಸಿಬಿಡುವರು. ಬೆಳಗಿನ ಕಿವಿಯೇ ಬೇರೆ, ಸಂಜೆಯ ಕಿವಿಯೇ ಬೇರೆ. ಕತೆ ಮುಗಿಯುವವರೆಗೆ ಇದೊಂದು ನಿಮ್ಮ ನೆನಪಿನಲ್ಲಿರಲಿ.

ಒಂದು ದಿನ ಕರಿಬೆಟ್ಟದ ಮಾಂತ್ರಿಕ ಧೂಮಕಂಠನಿಂದ ಪಲ್ಲಕ್ಕಿ ಬಂತು. ಅವನು ಹಾಡುತ್ತಾನಂತೆ, ಇವರು ಪಕ್ಕವಾದ್ಯ ನುಡಿಸಬೇಕಂತೆ. ಹೊನ್ನಾಂಬೆಗೆ ಅವತ್ತು ಹನ್ನೊಂದು ಮಕ್ಕಳ ಪಾಠವಿತ್ತು. "ನೀವಿಬ್ರೂ ಹೋಗಿ ಬನ್ನಿ. ಮಕ್ಕಳನ್ನ ವಾಪಸ್ ಕಳಿಸೋಕಾಗಲ್ಲ," ಎಂದಳು. ಚೆಲುವಯ್ಯನೂ ಮಾರೋಜನೂ ಹೋದರು. ಮೂರನೆಯ ದಿನ ಪಲ್ಲಕ್ಕಿ ಖಾಲಿಯಾಗಿ ಬಂತು.

ಪಲ್ಲಕ್ಕಿ ಹೊತ್ತವರು ಹೇಳಿದರು: "ಅವ್ನು ಹಾಡೋಕ್ ಮುಂಚೆ ಒಂದು ಶಾಪ ಹಾಕ್ದ, ತಾಯಿ. 'ನನ್ನ ಹಾಡು ನಿಲ್ಲಿಸಿದವ್ರು, ಹಾಡು ಮುಗಿಯೋ ತನಕ ಕಲ್ಲಾಗಿರಲಿ' ಅಂತ. ಆಮೇಲೆ ಹಾಡ್ದ. ಇವ್ರಿಬ್ರೂ ಒಟ್ಟಿಗೇ ಕೈಯೆತ್ತಿ, 'ಗಾಂಧಾರ ತಪ್ಪು, ಮತ್ತೆ ಮೊದಲಿಂದ' ಅಂದ್ಬಿಟ್ರು. ಎತ್ತಿದ್ ಕೈ ಹಂಗೇ ಕಲ್ಲಾಗೋಯ್ತು."

"ಹಾಡು ಮುಗೀಲಿಲ್ವಾ?"

"ಅದು ಮುಗಿಯೋದೇ ಇಲ್ಲ ತಾಯಿ. ಸುತ್ತಿ ಸುತ್ತಿ ಮೊದ್ಲಿಗೇ ಬರ್ತದೆ."

ಹೊನ್ನಾಂಬೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಾಂತ್ರಿಕರು ಎಷ್ಟು ಮೋಸ ಮಾಡಿದರೂ ಸಾಲದು ನೋಡಿ, ಮೇಷ್ಟ್ರುಗಳನ್ನು ಅವರ ಅಭ್ಯಾಸದಿಂದಲೇ ಹಿಡಿದುಹಾಕಿದ್ದ! ರಾಜ ಸಮಾಧಾನ ಹೇಳಿದ: "ಬೇರೆ ಇಬ್ಬರನ್ನು ಕರೆಸೋಣ."

"ಚೆಲುವಯ್ಯ ಉಸಿರು ಎಳ್ಕೊಂಡ್ರೆ ನನ್ನ ಬೆರಳಿಗೆ ಗೊತ್ತಾಗುತ್ತೆ, ಸ್ವಾಮಿ. ನಾನು ಎಲ್ಲಿ ಅವಸರ ಮಾಡ್ತೀನಿ ಅಂತ ನನಗಿಂತ ಮುಂಚೆ ಮಾರೋಜನಿಗೆ ಗೊತ್ತಾಗುತ್ತೆ. ಅಂಥವರನ್ನ ಕರೆಸೋಕಾಗಲ್ಲ, ಹೋಗಿ ಕರ್ಕೊಂಡು ಬರಬೇಕು," ಎಂದು ವೀಣೆ ಹೊತ್ತು ಹೊರಟಳು.

ಕರಿಬೆಟ್ಟದ ಬುಡದಲ್ಲಿ ಏಳು ಹೆಡೆಯ ಹಾವು ದಾರಿಗೆ ಅಡ್ಡ ಮಲಗಿತ್ತು. ಏಳು ಹೆಡೆಗಳೂ ಏಳು ಲಯದಲ್ಲಿ ಬುಸುಗುಟ್ಟುತ್ತಿದ್ದವು. ಕೇಳಿದವರಿಗೆ ತಲೆ ಸುತ್ತಿ ಹಾವಿನ ಬಾಯಿಗೇ ಬೀಳಬೇಕು. ಹೊನ್ನಾಂಬೆಗೆ ಇದು ದಿನಾ ಬೆಳಿಗ್ಗೆಯ ಗದ್ದಲವೇ. ವೀಣೆ ಇಳಿಸಿ ತೊಡೆ ತಟ್ಟಿದಳು.

"ಸಾಲಾಗಿ ನಿಲ್ಲಿ. ಒಬ್ಬೊಬ್ರಾಗಿ. ಮೊದಲು ಎಡಗಡೆ ತುದಿಯವನು."

ತುದಿಯ ಹೆಡೆ ನಾಚಿಕೊಂಡೇ ಬುಸುಗುಟ್ಟಿತು. ಅವಳು ತಾಳ ತಿದ್ದಿದಳು. ಒಬ್ಬನ ಪಾಠ ನಡೆಯುವಾಗ ಉಳಿದವರು ಏನು ಮಾಡುತ್ತಾರೆಂದು ಪಾಠ ಹೇಳಿದವರಿಗೆಲ್ಲ ಗೊತ್ತು. ಆರೂ ಹೆಡೆಗಳು ತೂಕಡಿಸಿ ನಿದ್ದೆಹೋದವು. ಎಚ್ಚರವಿದ್ದ ತುದಿಯ ಹೆಡೆಗೆ "ಭೇಷ್" ಎಂದಳು. ಅದು ಹಿಗ್ಗಿ ದಾರಿ ಬಿಟ್ಟಿತು.

ಬೆಟ್ಟದ ನಡುವೆ ಒಂದು ಕಂದಕ, ಅದಕ್ಕೊಂದು ಬಳ್ಳಿಯ ಸೇತುವೆ. ಸೇತುವೆಯ ಮೇಲೆ ಗಂಡಭೇರುಂಡ ಕೂತಿತ್ತು. ಎರಡು ತಲೆಗಳೂ ಪೈಪೋಟಿಯ ಮೇಲೆ ಕಿರುಚುತ್ತಿದ್ದವು. ಆ ಕಿರುಚಾಟಕ್ಕೆ ಸೇತುವೆ ಅಲ್ಲಾಡಿ ದಾಟುವವರು ಕೆಳಗೆ ಬೀಳುತ್ತಿದ್ದರು. ಹೊನ್ನಾಂಬೆ ಕೂತು ಮೆಲ್ಲಗೆ ವೀಣೆ ಮೀಟಿದಳು.

"ಏನದು? ಕೇಳಿಸ್ತಿಲ್ಲ!" ಎಂದಿತು ಬಲದ ತಲೆ.

"ಕೇಳಬೇಕು ಅಂದ್ರೆ ನೀವಿಬ್ರೂ ದನಿ ತಗ್ಗಿಸಬೇಕು."

ಅವಳು ಇನ್ನೂ ಮೆಲ್ಲಗೆ ನುಡಿಸಿದಳು. ಎರಡೂ ತಲೆಗಳು ದನಿ ತಗ್ಗಿಸಿದವು, ತಗ್ಗಿಸಿದ್ದಕ್ಕೆ ಒಂದಕ್ಕೊಂದು ಕೇಳಿಸಿದವು. "ಅಯ್ಯೋ, ನಿನ್ನ ಕಂಠ ಇಷ್ಟು ಚೆನ್ನಾಗಿದೆಯಾ?" ಎಂದು ಎಡದ ತಲೆ ಕೇಳಿತು. ಅವೆರಡೂ ಮಾತಿಗೆ ಕೂತವು. ಹೊನ್ನಾಂಬೆ ಸೇತುವೆ ದಾಟಿದಳು.

ಬೆಟ್ಟದ ನೆತ್ತಿಯ ಗವಿಯಲ್ಲಿ ಅರವತ್ತು ಮಂದಿ ವಿದ್ವಾಂಸರು ಕಲ್ಲಾಗಿ ಕೂತಿದ್ದರು. ಎಲ್ಲರ ಕೈಯೂ ಮೇಲೆದ್ದಿತ್ತು. ಅವರೆಲ್ಲರ ಆಚೆ, ಕೊನೆಯಲ್ಲಿ ಚೆಲುವಯ್ಯ, ಅವನ ಪಕ್ಕ ಮಾರೋಜ. ಹೊನ್ನಾಂಬೆ ಅವರಿಬ್ಬರ ನಡುವೆ, ತನ್ನ ಎಂದಿನ ಜಾಗದಲ್ಲೇ ಕೂತು ಶ್ರುತಿ ಮಾಡಿಕೊಂಡಳು.

ಧೂಮಕಂಠ ಬಂದ. ಹೊಗೆಯ ಮೈ, ಕೆಂಡದ ಕಣ್ಣು. ಎಲ್ಲರಿಗೂ ಹಾಕಿದ ಶಾಪವನ್ನೇ ಹಾಕಿ ಹಾಡಲು ಶುರುಮಾಡಿದ. ಮಕ್ಕಳಿಗೆ ಮೊದಲ ವರ್ಷ ಹೇಳಿಕೊಡುವ ಪುಟ್ಟ ಗೀತೆ ಅದು. ಮೂರನೆಯ ಸಾಲಿನ ಗಾಂಧಾರ ಸ್ವರದ ಮೇಲೆ ಎರಡು ಎಣಿಕೆ ನಿಲ್ಲಬೇಕು. ಅವನು ಒಂದೇ ಎಣಿಕೆ ನಿಂತು ಮುಂದಕ್ಕೆ ಜಾರಿದ.

ಹೊನ್ನಾಂಬೆಯ ಬಲಗೈ ತಂತಿಯಿಂದ ತಾನಾಗಿ ಏಳತೊಡಗಿತು. ಬೆರಳ ತುದಿ ತಣ್ಣಗಾಗಿ ಕಲ್ಲಾಯಿತು. "ಈಗ ಸಂಜೆ, ಈಗ ಸಂಜೆ," ಎಂದು ತನಗೇ ಹೇಳಿಕೊಂಡು ಕೈಯನ್ನು ಮತ್ತೆ ತಂತಿಗೆ ಒತ್ತಿದಳು. ಬೆರಳಿಗೆ ಬಿಸಿ ಬಂತು.

ಧೂಮಕಂಠ ತಪ್ಪಾದ ಮೇಲೆ 'ಸೊರ್' ಎಂದು ಒಮ್ಮೆ ಮೂಗೆಳೆದ. ಮತ್ತೆ ಮೊದಲಿಂದ ಶುರುಮಾಡಿದ. ಮತ್ತೆ ಗಾಂಧಾರ, ಮತ್ತೆ ತಪ್ಪು, ಮತ್ತೆ 'ಸೊರ್'. ಸಿಂಬಳ ಸುರಿಯದಿದ್ದರೂ ಮೂಗೆಳೆಯುತ್ತಿದ್ದ, ಅದೂ ತಾಳಕ್ಕೆ ಸರಿಯಾಗಿ!

ಆಗ ಹೊನ್ನಾಂಬೆಗೆ ನೆನಪಾಯಿತು. ಏಳು ವರ್ಷದವಳಾಗಿದ್ದಾಗ ಅವಳಿಗೆ ವರ್ಷವಿಡೀ ನೆಗಡಿ. ಈ ಗಾಂಧಾರ ಅವಳಿಗೆ ತಿಂಗಳುಗಟ್ಟಲೆ ತಪ್ಪುತ್ತಿತ್ತು. ತಪ್ಪಿ ಮೂಗೆಳೆದರೆ ಗುರುಗಳು "ಮತ್ತೆ ಮೊದಲಿಂದ" ಎನ್ನುವರು. ಹಿತ್ತಲಲ್ಲಿ ನೀರು ಹೊರುವ ಒಬ್ಬ ತರುಣ ಕೊಡ ಇಳಿಸಿ ಕೇಳುತ್ತಾ ನಿಲ್ಲುತ್ತಿದ್ದ. ಒಂದು ದಿನ ಅವನು ಬಾವಿಕಟ್ಟೆಯ ಮೇಲೆ ಹಾಡಿದಾಗ ಎಲ್ಲರೂ ನಕ್ಕು ಬಾಯಿ ಮುಚ್ಚಿಸಿದ್ದರು. ಅವನು ಊರು ಬಿಟ್ಟು ಹೋದ.

ಆ ತರುಣನೇ ಇವನು, ಹಾಡುತ್ತಿದ್ದುದು ಅವಳದೇ ತಪ್ಪು. ಗೋಡೆಯಾಚೆ ನಿಂತವನಿಗೆ ಯಾವುದು ಹಾಡು, ಯಾವುದು ನೆಗಡಿ ಎಂದು ಹೇಳಿದವರು ಯಾರು? ನಾಲ್ಕನೆಯ ಸಾಲು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಹೊನ್ನಾಂಬೆಗೆ ಹೆದರಿಕೆ ಹೋಗಿ ಕನಿಕರ ಬಂತು, ನಾಚಿಕೆಯೂ ಆಯಿತು.

ಹನ್ನೊಂದು ಸುತ್ತು ಅವನ ಜೊತೆಗೇ ನುಡಿಸಿದಳು. ಹನ್ನೆರಡನೆಯ ಸುತ್ತಿನಲ್ಲಿ ಗಾಂಧಾರ ಬಂದಾಗ, ಅವನು ಜಾರುವ ಮೊದಲೇ ಎರಡನೆಯ ಎಣಿಕೆಯನ್ನು ಗಟ್ಟಿಯಾಗಿ ಮೀಟಿದಳು. ಕೇಳಿದ್ದನ್ನು ಹಿಂಬಾಲಿಸುವುದೊಂದೇ ಅವನು ಕಲಿತ ವಿದ್ಯೆ. ಅವನು ನಿಂತ. ಅವನಿಗೆ ಮೂಗೆಳೆಯಲು ಜಾಗ ಕೊಡದೆ ವೀಣೆ ನಾಲ್ಕನೆಯ ಸಾಲಿಗೆ ನಡೆಯಿತು. ಧೂಮಕಂಠ ಕಣ್ಣರಳಿಸಿ ಅದರ ಬೆನ್ನುಹಿಡಿದ. ಐದನೆಯ ಸಾಲು, ಆರನೆಯ ಸಾಲು, ಕೊನೆಗೆ ಷಡ್ಜ.

ಹಾಡು ಮುಗಿಯಿತು. ಶಾಪವೂ ಮುಗಿಯಿತು. ಅರವತ್ತೆರಡು ಜನ ಎತ್ತಿದ ಕೈ ಇಳಿಸಿ ಭುಜ ಉಜ್ಜಿಕೊಂಡರು. ಹೊಗೆ ಕರಗಿ, ಅದರೊಳಗಿಂದ ಒಣಕಲು ಮುದುಕನೊಬ್ಬ ಹೊರಬಿದ್ದ.

"ಇದು ಇಷ್ಟೇನಾ?" ಎಂದ, ಅಳುತ್ತಾ. "ಇಷ್ಟು ಹತ್ರಾನೇ ಇತ್ತಾ ಕೊನೆ?"

"ಹತ್ರಾನೇ ಇತ್ತು," ಎಂದಳು ಹೊನ್ನಾಂಬೆ. "ಒಳಗೆ ಬಾ ಅಂತ ನಾವ್ಯಾರೂ ಕರೀಲಿಲ್ಲ."

ಎಲ್ಲರೂ ಹವಳದುರ್ಗಕ್ಕೆ ಬಂದಾಗ ರಾಜ ಅವನ ತಲೆ ತೆಗೆಸುತ್ತೇನೆಂದ. ಹೊನ್ನಾಂಬೆ ಬೇಡವೆಂದಳು. ಅರವತ್ತು ವಿದ್ವಾಂಸರು ಅವನನ್ನು ಮನಸಾರೆ ಬೈದು ತಂತಮ್ಮ ಊರಿಗೆ ಹೋದರು. ಹಾವೂ ಹಕ್ಕಿಯೂ ಬೆಟ್ಟದಲ್ಲಿ ಹಾಯಾಗಿದ್ದವು. ಹದಿನಾರು ಚಾಪೆಯ ಕೋಣೆಯಲ್ಲಿ ಸಂಜೆಗಳು ಮೊದಲಿನಂತೆ ತುಂಬಿದವು, ರಾಜ ಹೊಸ್ತಿಲ ಮೇಲೆ ಕೂತ.

ಬೆಳಿಗ್ಗೆ ಪಾಠದ ಸಾಲಿನಲ್ಲಿ ಮಕ್ಕಳ ನಡುವೆ ಒಬ್ಬ ಮುದುಕ ಕೂರುತ್ತಿದ್ದ. ಮೊದಲ ದಿನ ಅವನು ಗಾಂಧಾರದ ಮೇಲೆ ಒಂದೇ ಎಣಿಕೆ ನಿಂತ. ಹೊನ್ನಾಂಬೆ, ಚೆಲುವಯ್ಯ, ಮಾರೋಜ ಮೂವರೂ ಒಟ್ಟಿಗೇ ಕೈಯೆತ್ತಿದರು. ಎತ್ತಿದ ಮೇಲೆ ಒಬ್ಬರ ಕೈ ಒಬ್ಬರು ಹೆದರಿ ನೋಡಿಕೊಂಡರು. ಏನೂ ಆಗಲಿಲ್ಲ.

"ಮತ್ತೆ ಮೊದಲಿಂದ," ಎಂದಳು ಹೊನ್ನಾಂಬೆ.

ಮುದುಕ ನಕ್ಕು, ಮೂಗೆಳೆಯದೆ, ಮತ್ತೆ ಮೊದಲಿಂದ ಹಾಡಿದ.