ದಟ್ಟಗಳ್ಳಿಯ ಮೋಟಾರ್ ಕಳವು

ಡಿಸೆಂಬರ್ ಒಂಬತ್ತರ ಬೆಳಿಗ್ಗೆ ಊರಿಗೆಲ್ಲ ಮಂಜು ಕವಿದಿತ್ತು. ಬೆಟ್ಟದ ತಾಯಿ ಇನ್ನೂ ಕಂಬಳಿ ಸರಿಸಿರಲಿಲ್ಲ. ಎಂಟೂವರೆಗೆ ಶಿವಪ್ರಕಾಶ್ ಎಂಬುವರು ಠಾಣೆಗೆ ಬಂದು ದೂರು ಕೊಟ್ಟರು. ಬಾಡಿಗೆ ಬರಲೆಂದು ಸಾಲ ಮಾಡಿ ದಟ್ಟಗಳ್ಳಿಯಲ್ಲಿ ಕೊಂಡಿದ್ದ ಮನೆ. ಅದರ ಸಂಪಿನ ಮೋಟಾರ್ ಮೊನ್ನೆ ರಾತ್ರಿ ಕಳುವಾಗಿತ್ತು.

"ಮನೇಲಿ ಯಾರಿದಾರೆ?" ಇನ್‌ಸ್ಪೆಕ್ಟರ್ ಮಹಾಂತೇಶ್ ಕೇಳಿದರು.

"ಹಳೇ ಓನರ್ ಕಾಲದ ಬಾಡಿಗೆಯವರು ಸಾರ್. ತಿಂಗಳ ಕೊನೆಗೆ ಬಿಡಬೇಕು. ಜಾಸ್ತಿ ಬಾಡಿಗೆ ಕೊಡೋರು ನಿನ್ನೆ ನೋಡಕ್ಕೆ ಬಂದಿದ್ರು. ನೀರಿಲ್ಲ ಅಂತ ಗೊತ್ತಾಗಿ ಬೇಡ ಅಂದ್ಬುಟ್ರು."

"ಹಳಬರ ಹೆಸರು?"

"ಬ್ರೋಕರ್‌ಗೆ ಗೊತ್ತು ಸಾರ್."

ಹೆಡ್ ಕಾನ್‌ಸ್ಟೆಬಲ್ ಸಣ್ಣಮಾದಯ್ಯ ತಲೆ ಎತ್ತಿದರು. "ಹಸ ಕೊಳ್ಳೋರೂ ಹಲ್ಲು ನೋಡ್ತಾರೆ ಸ್ವಾಮಿ. ನೀವು ಒಳಗಿರೋರನ್ನ ಮಾತಾಡಿಸ್ಲಿಲ್ವಾ?"

"ಗೋಡೆ, ಪತ್ರ ಎಲ್ಲ ನೋಡ್ದೆ," ಎಂದರು ಶಿವಪ್ರಕಾಶ್.

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಬಾಡಿಗೆದಾರ ಕೆಂಪಯ್ಯ, ಪಾರ್ಕುಗಳಲ್ಲಿ ಗಿಡ ನೋಡಿಕೊಳ್ಳುವವರು, ಬೀದಿ ನಲ್ಲಿಯಿಂದ ಕೊಡದಲ್ಲಿ ನೀರು ಹೊರುತ್ತಿದ್ದರು. ತನ್ನ ಮನೆಯ ನೀರು ತಾನೇ ನಿಲ್ಲಿಸಿಕೊಳ್ಳುವವರುಂಟೆ ಎಂದುಕೊಂಡು ಸಣ್ಣಮಾದಯ್ಯ ಗುಜರಿ ಅಂಗಡಿಗಳ ಕಡೆ ಬೈಕ್ ತಿರುಗಿಸಿದರು.

ಮಹಾಂತೇಶ್ ಮಾತ್ರ ಸಂಪಿನ ಬಳಿ ಕುಕ್ಕರಗಾಲಲ್ಲಿ ಕೂತರು. ಗುಜರಿಗೆ ಮಾರುವ ಕಳ್ಳ ಪೈಪ್ ಕೊಯ್ದುಕೊಂಡು ಓಡುತ್ತಾನೆ. ಇಲ್ಲಿ ಪೈಪನ್ನು ನಿಧಾನವಾಗಿ ತಿರುಪಿ ಬಿಚ್ಚಿ, ಕಸ ಬೀಳದಂತೆ ಅದರ ಬಾಯಿಗೆ ಬಟ್ಟೆ ಕಟ್ಟಿತ್ತು. ಯಾರಾದರೂ ಮುಟ್ಟಿಯಾರೆಂದು ವೈರಿನ ತುದಿಗೆ ಟೇಪು ಸುತ್ತಿತ್ತು. ಬಟ್ಟೆ ಹಳೇ ಹತ್ತಿ ಸೀರೆಯದು. ಹಿತ್ತಲ ಹಗ್ಗದ ಮೇಲೆ ಅದೇ ಸೀರೆಯ ತುಂಡುಗಳು, ಕೂಸಿಗೆ ಸುತ್ತುವಷ್ಟು ಅಳತೆಗೆ ಹರಿದವು, ಒಣಗುತ್ತಿದ್ದವು.

"ಮೋಟಾರ್ ಎಲ್ಲಿಟ್ಟಿದೀರಿ ಕೆಂಪಯ್ಯನವರೇ?"

ಕೆಂಪಯ್ಯ ಕೊಡ ಇಳಿಸಿದರು. "ಅಕ್ಕಿ ಡ್ರಮ್ಮಿನ ಹಿಂದೆ ಅದೆ ಸ್ವಾಮಿ. ಮಾರ್ಲಿಲ್ಲ."

"ಯಾಕೆ ಬಿಚ್ಚಿದ್ರಿ?"

ಬಾಗಿಲಲ್ಲಿ ಮಗಳು ವರ್ಷಿಣಿ ನಿಂತಿದ್ದಳು, ಎಂಟು ತಿಂಗಳ ಬಸುರಿ. ಕೆಂಪಯ್ಯ ದನಿ ತಗ್ಗಿಸಿದರು.

"ಬಸುರಿ ಇರೋರು ಮನೆ ಬದ್ಲಾಯಿಸ್ಬಾರ್ದು ಅಂತಾರೆ ಹಿರೀಕರು. ಹೋದ್ಸಲ ಇವಳ ಗಂಡನ ಮನೆಯೋರು ಮನೆ ಬದ್ಲಾಯ್ಸಿದ್ರು, ಕೂಸು ಉಳೀಲಿಲ್ಲ. ಎರಡು ತಿಂಗಳು ಕೊಡಿಸಪ್ಪ ಅಂತ ಬ್ರೋಕರ್‌ನ ಕೇಳ್ದೆ. ಓನರ್‌ಗೆ ಹೇಳಕ್ಕಾಗಲ್ಲ ಅಂದ. ನೀರಿಲ್ಲ ಅಂದ್ರೆ ಯಾರೂ ಬರಕ್ಕಿಲ್ಲ ಅಂತ..."

"ಅದಕ್ಕೇ ನನ್ಗೆ ಕೊಡ ಮುಟ್ಟಕ್ಕೂ ಬುಡ್ಲಿಲ್ವಾ ಅಪ್ಪಾ ನೀನು," ಎಂದಳು ವರ್ಷಿಣಿ.

ಮೋಟಾರ್ ಜಪ್ತಿಯಾಯಿತು. ಹನ್ನೆರಡಕ್ಕೆ ಕೆಂಪಯ್ಯನವರನ್ನು ಬಂಧಿಸಿ ಕೋರ್ಟಿಗೆ ಹಾಜರುಪಡಿಸಿದರು. ಸಂಜೆಯೊಳಗೆ ಜಾಮೀನು ಸಿಕ್ಕಿತು. ವರದಿಯಲ್ಲಿ ಕಾರಣದ ಕಡೆ ಮಹಾಂತೇಶ್ 'ಮಗಳ ಹೆರಿಗೆಯ ಭಯ' ಎಂದಷ್ಟೇ ಬರೆದರು.

ಕೋರ್ಟಿನ ಜಗಲಿಯಲ್ಲಿ ಶಿವಪ್ರಕಾಶ್ ಸಿಕ್ಕರು.

"ನೀವು ಕೊಂಡಿದ್ದು ಇದೇ ಮೊದಲನೇ ಮನೆನಾ?" ಮಹಾಂತೇಶ್ ಕೇಳಿದರು.

"ಹೂಂ ಸಾರ್."

"ಹಳೇ ಓನರ್ ಜೊತೆ ಕೆಂಪಯ್ಯನವರ ಅಗ್ರಿಮೆಂಟ್ ನೋಡ್ದೆ, ಮಾರ್ಚ್‌ವರೆಗೂ ಇದೆ. ಮನೆ ಕೊಂಡ್ರೆ ಅದೂ ಜೊತೇಲೇ ಬರುತ್ತೆ, ಅದು ಅವರಿಗೂ ಗೊತ್ತಿರ್ಲಿಲ್ಲ. ಎರಡನೇದು ಕೊಳ್ಳೋ ಮುಂಚೆ ಒಳಗೆ ಹೋಗಿ, ಒಂದ್ಲೋಟ ನೀರು ಕೇಳಿ ಕುಡೀರಿ. ಪತ್ರದಲ್ಲಿಲ್ಲದ್ದು ತಿಳಿಯುತ್ತೆ."

ಅಂದೇ ಮುಸ್ಸಂಜೆ, ದೀಪ ಹಚ್ಚುವ ಹೊತ್ತಿಗೆ, ಪ್ಲಂಬರ್ ಸಂಪಿಗೆ ಬೇರೆ ಮೋಟಾರ್ ಕೂರಿಸುತ್ತಿದ್ದ. ಶಿವಪ್ರಕಾಶ್ ಚಪ್ಪಲಿ ಬಿಟ್ಟು ಮೊದಲ ಸಲ ಆ ಹೊಸ್ತಿಲು ದಾಟಿದರು. ಮನೆ ತೋರಿಸಲೆಂದು ಬ್ರೋಕರ್ ಕೆಂಪಯ್ಯನವರಿಂದ ಇಸಿದುಕೊಂಡಿದ್ದ ಇನ್ನೊಂದು ಬೀಗದಕೈ ಈಗ ಶಿವಪ್ರಕಾಶ್ ಜೇಬಿನಲ್ಲಿತ್ತು.

"ಇದು ನಿಮ್ಮ ಹತ್ರನೇ ಇರ್ಬೇಕಾದ್ದು ಕಣಮ್ಮ," ಎಂದು ಅದನ್ನು ವರ್ಷಿಣಿಯ ಅಂಗೈಗಿಟ್ಟರು.